ಪುಟ್ಟುವಿನ ಆರ್‌ಎಕ್ಸ್-7ಗೆ ಯಾವ ಟರ್ಬೊ?

ಚಿ. ಪುಟ್ಟುವಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಮಿಶಿಗನ್‌ನಲ್ಲಿ ನಾವಿಬ್ಬರೂ ಕ್ಷೇಮ.

ನಿನ್ನ ಉದ್ದನೆಯ ಮೆಸೇಜ್ ಓದಿದೆ, ಫೋಟೊಗಳನ್ನೂ ದೊಡ್ಡದು ಮಾಡಿ ನೋಡಿದೆ. ಫೋನಿನಲ್ಲಿ ಹೇಳಿದರೆ ನೀನು ಅರ್ಧ ಕೇಳಿ ಅರ್ಧ ಬಿಡ್ತೀಯ. ಅದಕ್ಕೆ ಬರೆಯುತ್ತಿದ್ದೇನೆ. ನಾನು ಕೆಲಸ ಮಾಡಿದ್ದೆಲ್ಲ ಲಾರಿಗಳ ಡೀಸೆಲ್ ಇಂಜಿನ್ ಮೇಲೆ, ನಿನ್ನ ಆರ್‌ಎಕ್ಸ್-7 ಕಾರಿನದು ಮಾಜ್ದಾದ ರೋಟರಿ, ಪಿಸ್ಟನ್ ಬದಲು ಮೂರು ಮೂಲೆಯ ರೋಟರ್ ತಿರುಗುವ ಇಂಜಿನ್. ಅದು ಬೇರೆಯೇ ಜಾತಿ, ಒಪ್ಪುತ್ತೇನೆ. ಆದರೆ ಟರ್ಬೊ ಯಾವುದಕ್ಕೆ ಹಾಕಿದರೂ ಟರ್ಬೊನೇ: ಎಕ್ಸಾಸ್ಟ್ ಬಡಿದು ತಿರುಗುವ ಟರ್ಬೈನ್ ಚಕ್ರ, ಅದೇ ಶಾಫ್ಟಿನ ಇನ್ನೊಂದು ತುದಿಯಲ್ಲಿ ಇಂಜಿನ್ನಿಗೆ ಗಾಳಿ ತುರುಕುವ ಕಂಪ್ರೆಸರ್ ಚಕ್ರ. ಮತ್ತು ರಿಟೈರ್ ಆದ ಮೇಲೆ ನಿನ್ನ ಕಾರಿನ ನೆಪದಲ್ಲಿ ರೋಟರಿಯ ಬಗ್ಗೆ ನಾನೂ ಸಾಕಷ್ಟು ಓದಿದ್ದೇನೆ.

ಬೋರ್ಗ್‌ವಾರ್ನರ್ ಕಂಪನಿಯ ಇಎಫ್‌ಆರ್ 9180 ಅನ್ನುವ ದೊಡ್ಡ ಟರ್ಬೊ ಹಾಕಿಸಲಾ ಅಂತ ಕೇಳಿದ್ದೀಯ. ಬೇಡ. ಯಾಕೆ ಅಂತ ಮುಂದೆ ಹೇಳುತ್ತೇನೆ. ಹೊಸದರ ಮಾತು ಎತ್ತುವ ಮೊದಲು ಹಳೆಯದು ಯಾಕೆ ಕೈಕೊಟ್ಟಿತು ಅಂತ ಗೊತ್ತಾಗಬೇಕಲ್ವಾ?

ನೀನು ಬರೆದದ್ದು ಎರಡು ದೂರು. ಒಂದು, 4500 ಆರ್‌ಪಿಎಂ ದಾಟಿದ ಮೇಲೆ ಕಾರು ಎಳೆಯುವುದಿಲ್ಲ. ಇನ್ನೊಂದು, ಸೈಲೆನ್ಸರ್‌ನಿಂದ ನೀಲಿ ಹೊಗೆ. ಎರಡಕ್ಕೂ ಒಂದೇ ಕಾರಣ ಅಂತ ನೀನು ಹಿಡಿದುಕೊಂಡಿದ್ದೀಯ. ನನಗೆ ಹಾಗೆ ಅನ್ನಿಸುತ್ತಿಲ್ಲ.

ಮೊದಲನೆಯದನ್ನು ನೋಡು. ನಿನ್ನ 1993ರ ಕಾರಿನಲ್ಲಿ ಹಿಟಾಚಿಯ ಎರಡು ಚಿಕ್ಕ ಟರ್ಬೊಗಳಿವೆ. ಕೆಳಗಿನ ವೇಗದಲ್ಲಿ ಒಂದೇ ಕೆಲಸ ಮಾಡುತ್ತದೆ, 4500ರ ಹತ್ತಿರ ಎರಡನೆಯದು ಸೇರಿಕೊಳ್ಳುತ್ತದೆ. ಸರಿಯಾಗಿರುವ ಕಾರಿನಲ್ಲಿ ಬೂಸ್ಟ್, ಅಂದರೆ ಟರ್ಬೊ ತುರುಕುವ ಗಾಳಿಯ ಒತ್ತಡ, ಮೊದಲು 10 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ತೋರಿಸುತ್ತದೆ, ಕೈ ಬದಲಾಗುವಾಗ 8ಕ್ಕೆ ಇಳಿಯುತ್ತದೆ, ಮತ್ತೆ 10ಕ್ಕೆ ಏರುತ್ತದೆ. ಈ ಕೈಬದಲಾವಣೆ ಮಾಡಿಸುವುದು ಒಂದಿಷ್ಟು ಸೊಲೆನಾಯ್ಡ್‌ಗಳು (ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್‌ಗಳು) ಮತ್ತು ಶಾವಿಗೆ ಹಾಗೆ ಸಿಕ್ಕುಸಿಕ್ಕಾಗಿರುವ ಸಣ್ಣ ವ್ಯಾಕ್ಯೂಮ್ ಪೈಪುಗಳು. ಮೂವತ್ತು ವರ್ಷ ಇಂಜಿನ್ ಬಿಸಿಯಲ್ಲಿ ಬೆಂದ ರಬ್ಬರ್ ಒಣಗಿ ಬಿರುಕು ಬಿಡುತ್ತದೆ. ಒಂದೇ ಒಂದು ಪೈಪ್ ಬಿಚ್ಚಿಕೊಂಡರೂ ಎರಡನೇ ಟರ್ಬೊ ಏಳುವುದಿಲ್ಲ. ಟರ್ಬೊ ಸತ್ತಿರಬೇಕಂತಲೇ ಇಲ್ಲ! ಎಲ್ಲ ಪೈಪುಗಳನ್ನೂ ಸಿಲಿಕೋನಿನವಕ್ಕೆ ಬದಲಾಯಿಸಿ, ಸೊಲೆನಾಯ್ಡ್‌ಗಳನ್ನು ಒಂದೊಂದಾಗಿ ಪರೀಕ್ಷೆ ಮಾಡು. ಒಂದು ವಾರಾಂತ್ಯ ಹೋಗಬಹುದು, ಬೈಗುಳ ಬಾಯಿಗೆ ಬರಬಹುದು, ಆದರೆ ದುಡ್ಡು ಜಾಸ್ತಿ ಹೋಗುವುದಿಲ್ಲ.

ಈಗ ಹೊಗೆ. ರೋಟರಿ ಇಂಜಿನ್ ಆಯಿಲ್ ಕುಡಿಯುವುದು ಕಾಯಿಲೆಯಲ್ಲ, ಅದರ ಹುಟ್ಟುಗುಣ. ಸೀಲುಗಳಿಗೆ ಜಾರಿಕೆ ಸಿಗಲಿ ಅಂತ ಮಾಜ್ದಾದವರೇ ಒಂದು ಪುಟ್ಟ ಪಂಪ್ ಇಟ್ಟು ಆಯಿಲನ್ನು ಸ್ವಲ್ಪ ಸ್ವಲ್ಪ ಒಳಗೆ ಬಿಡುತ್ತಾರೆ. ಆದರೆ ಕಣ್ಣಿಗೆ ಕಾಣುವಷ್ಟು ನೀಲಿ ಹೊಗೆ ಬಂದರೆ ಟರ್ಬೊ ಸೀಲ್ ಇರಬಹುದು, ಇಲ್ಲವೇ ರೋಟರ್‌ನ ಪಕ್ಕದ ಆಯಿಲ್ ಸೀಲ್ ಇರಬಹುದು. ಎರಡನೆಯದಾದರೆ ಎಷ್ಟು ಟರ್ಬೊ ಬದಲಿಸಿದರೂ ಹೊಗೆ ನಿಲ್ಲುವುದಿಲ್ಲ. ಟರ್ಬೊದಿಂದ, ಬಿಸಿಯಾದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ಗೆ ಹೋಗುವ ಪೈಪ್ ಬಿಚ್ಚಿ ಒಳಗೆ ಬೆರಳಾಡಿಸು. ಸ್ವಲ್ಪ ಜಿಡ್ಡಿದ್ದರೆ ಚಿಂತೆಯಿಲ್ಲ, ಆಯಿಲ್ ಮಡುಗಟ್ಟಿದ್ದರೆ ಟರ್ಬೊ ಮೇಲೆ ಅನುಮಾನ. ಇಂಜಿನ್ ತಣ್ಣಗಿರುವಾಗ ಟರ್ಬೊ ಶಾಫ್ಟ್ ಹಿಡಿದು ಅಲ್ಲಾಡಿಸು. ಅಡ್ಡಕ್ಕೆ ಕೊಂಚ ಆಡಿದರೆ ಸಹಜ, ಹಳೇ ಬೇರಿಂಗ್‌ಗಳೇ ಹಾಗೆ. ಹಿಂದೆ ಮುಂದೆ ಆಡುವುದು ಕೈಗೆ ಗೊತ್ತಾಯಿತು ಅಂದರೆ ಅದರ ಕತೆ ಮುಗಿಯಿತು.

ಟಾರ್ಚ್ ಹಾಕಿ ಟರ್ಬೈನ್ ಚಕ್ರದ ಅಂಚನ್ನೂ ನೋಡು. ಇದನ್ನು ಮಾತ್ರ ಮರೆಯಬೇಡ. ಅಲ್ಲಿ ಕಚ್ಚಿದ ಗುರುತು ಕಂಡರೆ ಇಂಜಿನ್ ಒಳಗಿಂದ ಏನೋ ಮುರಿದು ಬಂದು ಹೊಡೆದಿದೆ ಅಂತ ಅರ್ಥ. ರೋಟರಿಯಲ್ಲಿ ಆ ‘ಏನೋ’ ಸಾಮಾನ್ಯವಾಗಿ ಅಪೆಕ್ಸ್ ಸೀಲಿನ, ಅಂದರೆ ರೋಟರ್‌ನ ಮೂಲೆಯಲ್ಲಿ ಗಾಳಿ ಸೋರದಂತೆ ತಡೆಯುವ ಪಟ್ಟಿಯ, ಚೂರು. ಅದು ಎಕ್ಸಾಸ್ಟ್ ಪೋರ್ಟಿನಿಂದ ಹೊರಬಿದ್ದು ನೇರ ಟರ್ಬೈನಿಗೇ ಬಡಿಯುತ್ತದೆ. ಅಂಥ ಇಂಜಿನ್ ಮುಂದೆ ಹೊಸ ಟರ್ಬೊ ಕೂರಿಸಿದರೆ ಅದಕ್ಕೂ ಅದೇ ಗತಿ.

ಆದ್ದರಿಂದ ಇಂಜಿನ್ ಗಾಳಿಯನ್ನು ಎಷ್ಟು ಬಿಗಿಯಾಗಿ ಒತ್ತುತ್ತದೆ ಅಂತ ನೋಡುವ ಕಂಪ್ರೆಷನ್ ಟೆಸ್ಟ್ ಮಾಡಿಸು. ಮಾಮೂಲಿ ಮೆಕ್ಯಾನಿಕ್ ಹತ್ತಿರ ಇರುವ ಗೇಜ್ ಇದಕ್ಕೆ ಸಾಲದು. ಒಂದು ರೋಟರ್‌ಗೆ ಮೂರು ಮುಖ, ಆ ಗೇಜ್ ಮೂರರಲ್ಲಿ ಜಾಸ್ತಿ ಬಂದದ್ದನ್ನೇ ಹಿಡಿದು ತೋರಿಸುತ್ತದೆ. ಮೂರನ್ನೂ ಬೇರೆ ಬೇರೆ ತೋರಿಸುವ ರೋಟರಿ ಟೆಸ್ಟರ್ ಇರುವವರ ಹತ್ತಿರವೇ ಹೋಗು. ನಿನ್ನ ಇಂಜಿನ್ನಿಗೆ ಎರಡು ರೋಟರ್, ಹಾಗಾಗಿ ನಿನಗೆ ಸಿಗಬೇಕಾದದ್ದು ಆರು ಅಂಕಿ. ಸ್ಟಾರ್ಟರ್ 250 ಆರ್‌ಪಿಎಂ ತಿರುಗಿಸುವ ಲೆಕ್ಕದಲ್ಲಿ ಎಲ್ಲವೂ 100 ಪಿಎಸ್‌ಐ ಮೇಲಿದ್ದು, ಒಂದಕ್ಕೊಂದು ಹತ್ತಿರ ಇದ್ದರೆ ಮುಂದಿನ ಮಾತು. ಇಲ್ಲದಿದ್ದರೆ ಟರ್ಬೊ ದುಡ್ಡನ್ನು ಇಂಜಿನ್ ಬಿಚ್ಚಿಸುವುದಕ್ಕೆ ಎತ್ತಿಡು.

ಸರಿ, ಇಂಜಿನ್ ಗಟ್ಟಿಯಾಗಿದೆ, ಹಳೇ ಟರ್ಬೊ ನಿಜವಾಗಲೂ ಹೋಗಿದೆ ಅಂತಲೇ ಇಟ್ಟುಕೊಳ್ಳೋಣ. ಈಗ ಲೆಕ್ಕಕ್ಕೆ ಬಾ.

ಎಲ್ಲರೂ ಇದನ್ನು 1.3 ಲೀಟರ್ ಇಂಜಿನ್ ಅನ್ನುತ್ತಾರೆ. ಟರ್ಬೊ ಆರಿಸುವಾಗ 2.6 ಅಂತ ತಿಳಿ. ಪಿಸ್ಟನ್ ಇಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಅಳತೆಯ ಗಾಳಿ ಎಳೆದುಕೊಳ್ಳುತ್ತದೆ, ನಿನ್ನದು ಪ್ರತಿ ಸುತ್ತಿಗೂ 1.3 ಲೀಟರ್ ಎಳೆಯುತ್ತದೆ. 7000 ಆರ್‌ಪಿಎಂನಲ್ಲಿ ಅದು ನಿಮಿಷಕ್ಕೆ 9000 ಲೀಟರ್ ದಾಟುತ್ತದೆ. 15 ಪಿಎಸ್‌ಐ ಬೂಸ್ಟ್ ಕೊಟ್ಟು, ಇಂಟರ್‌ಕೂಲರ್ ಒಳ್ಳೆಯದಿದ್ದರೆ, ತೂಕದಲ್ಲಿ ನಿಮಿಷಕ್ಕೆ ಸುಮಾರು 45 ಪೌಂಡ್ ಗಾಳಿ. ಒಂದು ಪೌಂಡಿಗೆ 10 ಎಚ್‌ಪಿ ಅನ್ನುವುದು ಪಿಸ್ಟನ್ ಇಂಜಿನ್ನಿನವರ ಬಾಯಿಲೆಕ್ಕ. ರೋಟರಿಗೆ 8 ಅಂತ ಹಿಡಿ, ಅದು ಇಂಧನದ ಬಹಳಷ್ಟು ಶಾಖವನ್ನು ಎಕ್ಸಾಸ್ಟಿಗೇ ಬಿಟ್ಟುಬಿಡುತ್ತದೆ. ಅಂದರೆ 360 ಎಚ್‌ಪಿ ಆಸುಪಾಸು. ನಿನ್ನ ಕಾರು ಕಾರ್ಖಾನೆಯಿಂದ ಬಂದಾಗ ಇದ್ದದ್ದು 255, ತೂಕ 1300 ಕೆ.ಜಿ. ಒಳಗೆ. ಅದಕ್ಕೆ 360 ಕಡಿಮೆ ಆಯಿತಾ, ಹೇಳು?

ಕ್ಯಾಟಲಾಗಿನಲ್ಲಿ ಟರ್ಬೊ ಪಕ್ಕ ಬರೆದಿರುವ ಎಚ್‌ಪಿ ಅಂಕಿಗಳು ಪಿಸ್ಟನ್ ಇಂಜಿನ್ನಿಗೆ. ಅವನ್ನು ನೋಡಿ ಮರುಳಾಗಬೇಡ.

ಇನ್ನು ಟರ್ಬೈನ್ ಕಡೆ. ರೋಟರಿ ಬೇರೆಯೇ ಜಾತಿ ಅಂದೆನಲ್ಲ, ಅದು ಇಲ್ಲಿ ಎದ್ದು ಕಾಣುತ್ತದೆ. ಇದಕ್ಕೆ ವಾಲ್ವ್ ಇಲ್ಲ. ರೋಟರ್ ಅಂಚು ಎಕ್ಸಾಸ್ಟ್ ಪೋರ್ಟನ್ನು ದಾಟಿದ ಕೂಡಲೇ ಬಿಸಿ ಗಾಳಿ ಒಮ್ಮೆಲೇ ಹೊರಗೆ ನುಗ್ಗುತ್ತದೆ. 900 ಡಿಗ್ರಿ ಸೆಲ್ಸಿಯಸ್ ದಾಟುವುದು ಇದಕ್ಕೆ ಮಾಮೂಲಿ. ನಮ್ಮ ಡೀಸೆಲ್‌ನಲ್ಲಿ ಅಷ್ಟು ಬಿಸಿ ಕಂಡಿದ್ದರೆ ಟೆಸ್ಟ್ ನಿಲ್ಲಿಸಿ ಓಡಿಬರುತ್ತಿದ್ದೆವು. ಇಷ್ಟು ಗಾಳಿಗೆ ದಾರಿ ಇಕ್ಕಟ್ಟಾದರೆ ಅದು ಹಿಂದಕ್ಕೆ ಒತ್ತುತ್ತದೆ, ಸುಟ್ಟ ಗಾಳಿ ಒಳಗೇ ಉಳಿದು ಮುಂದಿನ ಉಸಿರಿಗೆ ಬೆರೆಯುತ್ತದೆ, ಬಿಸಿ ಏರುತ್ತದೆ, ನಾಕಿಂಗ್, ಅಂದರೆ ಪೆಟ್ರೋಲ್ ತನ್ನಷ್ಟಕ್ಕೆ ಸಿಡಿಯುವುದು, ಶುರುವಾಗುತ್ತದೆ. ಪಿಸ್ಟನ್ ಇಂಜಿನ್ ಒಂದೆರಡು ಏಟು ತಡೆದುಕೊಂಡೀತು. 2 ಮಿ.ಮೀ. ದಪ್ಪದ ಅಪೆಕ್ಸ್ ಸೀಲಿಗೆ ಒಂದೇ ಜೋರು ನಾಕ್ ಸಾಕು.

ಹಾಗಾಗಿ ಕಂಪ್ರೆಸರ್ ಲೆಕ್ಕಕ್ಕೆ ತಕ್ಕಷ್ಟಿರಲಿ, ಟರ್ಬೈನ್ ಒಂದು ಮೆಟ್ಟಿಲು ದೊಡ್ಡದಿರಲಿ. ಇಎಫ್‌ಆರ್ ಸಾಲಿನ ಹೆಸರಿನಲ್ಲೇ ಅಳತೆ ಇದೆ: ಮೊದಲ ಎರಡು ಅಂಕಿ ಕಂಪ್ರೆಸರ್ ಚಕ್ರ, ಕೊನೆಯ ಎರಡು ಟರ್ಬೈನ್ ಚಕ್ರ, ಮಿಲಿಮೀಟರಿನಲ್ಲಿ. 7670ರ ಕಂಪ್ರೆಸರ್ ನಿನ್ನ 45 ಪೌಂಡಿಗೆ ಧಾರಾಳ ಸಾಕು, ಆದರೆ ಅದರ 70ರ ಟರ್ಬೈನ್ ಮೇಲಿನ ವೇಗದಲ್ಲಿ ಉಸಿರು ಕಟ್ಟಿಸುತ್ತದೆ. 9180 ಇನ್ನೊಂದು ತುದಿ. ನೀನು ಓಡಿಸುವುದು ಆಸ್ಟಿನ್ ಸುತ್ತಲಿನ ಹಿಲ್ ಕಂಟ್ರಿ ರಸ್ತೆಗಳಲ್ಲಿ, ಯಾವಾಗಲೋ ಒಮ್ಮೆ ಸರ್ಕಿಟ್ ಆಫ್ ದಿ ಅಮೆರಿಕಾಸ್ ರೇಸ್ ಟ್ರ್ಯಾಕಿನಲ್ಲಿ. ತಿರುವಿನಿಂದ ಹೊರಬರುವಾಗ ಆರ್‌ಪಿಎಂ ಮೂರು, ನಾಲ್ಕು ಸಾವಿರದಲ್ಲಿರುತ್ತದೆ. ಅಲ್ಲಿ ಆ ದೊಡ್ಡ ಚಕ್ರ ಇನ್ನೂ ಮೈಮುರಿಯುತ್ತಾ ಇರುತ್ತದೆ, ಅದು ಏಳುವಷ್ಟರಲ್ಲಿ ಮುಂದಿನ ತಿರುವು ಬಂದಿರುತ್ತದೆ. ಗೆಳೆಯರ ಮುಂದೆ ಹೇಳಿಕೊಳ್ಳಲು ಚೆನ್ನ, ಓಡಿಸಲು ಅಲ್ಲ. 1991ರಲ್ಲಿ ಲ ಮಾನ್ ರೇಸ್ ಗೆದ್ದ ಮಾಜ್ದಾ 787ಬಿ ಪೋಸ್ಟರನ್ನು ರೂಮಿನಲ್ಲಿ ಅಂಟಿಸಿಕೊಂಡಿದ್ದೀಯಲ್ಲ, ಅದರ ನಾಲ್ಕು ರೋಟರ್ ಇಂಜಿನ್ನಿಗೆ ಟರ್ಬೊನೇ ಇರಲಿಲ್ಲ, ಗೊತ್ತಾ?

ನನ್ನ ಮತ 8374ಕ್ಕೆ. ಟರ್ಬೈನ್ ಸುತ್ತಲಿನ ಹೌಸಿಂಗ್ ಟ್ವಿನ್ ಸ್ಕ್ರೋಲ್ (ಒಳಗೆ ಎರಡು ದಾರಿ ಇರುವುದು), ಎ/ಆರ್ 1.05 (ಆ ದಾರಿ ಎಷ್ಟು ಅಗಲ ಅನ್ನುವುದರ ಅಂಕಿ). ನಿನ್ನ ಎರಡು ರೋಟರ್‌ಗಳ ಎಕ್ಸಾಸ್ಟ್ ಬೇರೆ ಬೇರೆ ದಾರಿಯಲ್ಲಿ ಟರ್ಬೈನಿಗೆ ಬರುವುದರಿಂದ ಒಂದರ ಬಡಿತ ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ, ಬೂಸ್ಟೂ ಬೇಗ ಏಳುತ್ತದೆ. ಇಂಜಿನ್ನಿನಿಂದ ಟರ್ಬೊಗೆ ಎಕ್ಸಾಸ್ಟ್ ಒಯ್ಯುವ ಮ್ಯಾನಿಫೋಲ್ಡ್ ಕೂಡ ಹಾಗೆಯೇ ನಡುವೆ ಗೋಡೆ ಇರುವುದನ್ನೇ ತಗೋ, ಇಲ್ಲದಿದ್ದರೆ ಟ್ವಿನ್ ಸ್ಕ್ರೋಲ್ ಹೆಸರಿಗೆ ಮಾತ್ರ. ಗ್ಯಾರೆಟ್ ಕಂಪನಿಯಲ್ಲೂ ಈ ಅಳತೆಯ ಒಳ್ಳೆಯ ಟರ್ಬೊಗಳಿವೆ, ಕಡಿಮೆಗೆ ಸಿಕ್ಕಿದರೆ ಬೇಡ ಅನ್ನಲ್ಲ. ಆದರೆ ಆನ್‌ಲೈನಿನಲ್ಲಿ ಕಾಲು ಬೆಲೆಗೆ ಸಿಗುವ ನಕಲಿಗಳ ತಂಟೆಗೆ ಹೋಗಬೇಡ. ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಚಕ್ರ ಅದು. ಇನ್ನೊಂದು ಮಾತು: ಇಎಫ್‌ಆರ್ ಟರ್ಬೈನ್ ಚಕ್ರ ಹಗುರವಾದ ಟೈಟಾನಿಯಂ ಅಲ್ಯೂಮಿನೈಡ್‌ನದು. ಬೇಗ ತಿರುಗುತ್ತದೆ, ಆದರೆ ಚೂರು ಬಡಿದರೆ ಒಡೆಯುತ್ತದೆ. ಕಂಪ್ರೆಷನ್ ಟೆಸ್ಟಿಗೆ ನಾನು ಅಷ್ಟು ಒತ್ತು ಕೊಟ್ಟದ್ದು ಇದಕ್ಕೂ ಸೇರಿ.

ಟರ್ಬೊ ಬೆಲೆಯಲ್ಲೇ ಬಜೆಟ್ ಮುಗಿಸಿಬಿಡಬೇಡ. ನಿನ್ನ ಪೆಟ್ರೋಲ್ ಇಂಜೆಕ್ಟರ್‌ಗಳು ಇನ್ನೂ ಕಂಪನಿಯವೇ, ನಿಮಿಷಕ್ಕೆ 550 ಸಿಸಿಯವು ಎರಡು, 850 ಸಿಸಿಯವು ಎರಡು. 15 ಪಿಎಸ್‌ಐಗೆ ಸಾಲುವುದಿಲ್ಲ. ದೊಡ್ಡವು ಬೇಕು, ಪೆಟ್ರೋಲ್ ಪಂಪೂ ಬೇಕು. ಹೆಚ್ಚಾದ ಎಕ್ಸಾಸ್ಟನ್ನು ಟರ್ಬೈನ್ ತಪ್ಪಿಸಿ ಹೊರಬಿಡುವ ವೇಸ್ಟ್‌ಗೇಟ್ ಚಿಕ್ಕದಾದರೆ ನೀನು 12 ಇಟ್ಟರೂ ಬೂಸ್ಟ್ ತನ್ನಷ್ಟಕ್ಕೆ 16ಕ್ಕೆ ತೆವಳುತ್ತದೆ, ಚಳಿಗಾಲದ ಬೆಳಗ್ಗೆ ಇನ್ನೂ ಜಾಸ್ತಿ. ಅದಕ್ಕೆ ಗೇಟ್ ದೊಡ್ಡದೇ ಇರಲಿ, ಅದಕ್ಕೆ ಹೋಗುವ ಪೈಪ್ ಎಕ್ಸಾಸ್ಟ್ ಹರಿವಿಗೆ ನೇರವಾಗಿರಲಿ. ಬಾಲ್ ಬೇರಿಂಗ್ ಟರ್ಬೊಗೆ ಆಯಿಲ್ ಜಾಸ್ತಿ ಹೋದರೂ ಸೀಲ್ ದಾಟಿ ಹೊಗೆ ಬರುತ್ತದೆ, ಕಂಪನಿಯವರು ಹೇಳಿದ ಒತ್ತಡಕ್ಕೆ ತಕ್ಕಂತೆ ಆಯಿಲ್ ಹರಿವು ತಗ್ಗಿಸುವ ರೆಸ್ಟ್ರಿಕ್ಟರ್ ಹಾಕಿಸು. ವಾಪಸ್ ಬರುವ ಆಯಿಲ್ ಪೈಪ್ ಎಲ್ಲೂ ಬಗ್ಗದೆ ಇಳಿಜಾರಾಗಿ ಬರಲಿ. ಆ ಆಯಿಲ್ ತಂತಾನೇ ಇಳಿಯಬೇಕು, ಅದನ್ನು ಎಳೆಯುವವರು ಯಾರೂ ಇಲ್ಲ.

ಟ್ಯೂನಿಂಗ್‌ಗೆ ರೋಟರಿ ಗೊತ್ತಿರುವವರೇ ಬೇಕು. ಹೋಂಡಾ ಟ್ಯೂನ್ ಮಾಡಿ ಹೆಸರು ಮಾಡಿದವರು ಅಂತ ನಂಬಿ ಕೊಡಬೇಡ. ಬೂಸ್ಟ್‌ನಲ್ಲಿ ಗಾಳಿ-ಪೆಟ್ರೋಲ್ ಅನುಪಾತ 11ರ ಆಸುಪಾಸು ಇರಲಿ, ಇಗ್ನಿಷನ್ ಹಿಂದಕ್ಕೇ ಇರಲಿ, ಅಂದರೆ ಕಿಡಿ ಸ್ವಲ್ಪ ತಡವಾಗಿ ಹೊತ್ತಲಿ. ಐದು-ಹತ್ತು ಎಚ್‌ಪಿ ಬಿಟ್ಟುಕೊಟ್ಟರೂ ಪರವಾಗಿಲ್ಲ. ನಿಮ್ಮಲ್ಲಿ 93 ಆಕ್ಟೇನ್ (ನಾಕಿಂಗ್ ತಡೆಯುವ ಶಕ್ತಿಯ ಅಂಕಿ) ಪೆಟ್ರೋಲ್ ಸಿಗುವುದು ಪುಣ್ಯ, ಕ್ಯಾಲಿಫೋರ್ನಿಯಾದವರಿಗೆ ಸಾಮಾನ್ಯವಾಗಿ 91 ಮಾತ್ರ. ಆದರೆ ಟೆಕ್ಸಸ್ ಬೇಸಿಗೆಯಲ್ಲಿ ಅದನ್ನೇ ನಂಬಿ ಕೂರಬೇಡ. ಒಳಹೋಗುವ ಗಾಳಿ ತಣಿಸಲು ನೀರು, ಮೆಥನಾಲ್ ಸಿಂಪಡಿಸುವ ವಾಟರ್-ಮೆಥನಾಲ್ ಇಂಜೆಕ್ಷನ್ ಹಾಕಿಸು ಅನ್ನುವವನು ನಾನು.

ಕ್ಯಾಲಿಫೋರ್ನಿಯಾ ಅಂದಾಗ ನೆನಪಾಯಿತು. ಅಲ್ಲಿಗೆ ಕೆಲಸ ಬದಲಿಸುವ ಯೋಚನೆ ಇದೆ ಅಂದೆಯಲ್ಲ. ಟೆಕ್ಸಸ್‌ನಲ್ಲಿ 24 ವರ್ಷ ದಾಟಿದ ಕಾರಿಗೆ ಹೊಗೆ ಪರೀಕ್ಷೆ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ 1976ರಿಂದ ಈಚಿನ ಪೆಟ್ರೋಲ್ ಕಾರುಗಳಿಗೆಲ್ಲ ಇದೆ, ಬಾನೆಟ್ ಎತ್ತಿ ಕಣ್ಣಲ್ಲೂ ನೋಡುತ್ತಾರೆ, ಮಂಜೂರಾತಿ ಇಲ್ಲದ ಟರ್ಬೊ ಕಂಡರೆ ಫೇಲ್. ಹೋಗುವುದೇ ಖಚಿತವಾದರೆ ಈ ಕಾಗದದ ಅರ್ಧ ಬಿಟ್ಟುಬಿಡು, ಹಳೇ ಜೋಡಿ ಟರ್ಬೊಗಳನ್ನೇ ರೀಬಿಲ್ಡ್ ಮಾಡಿಸು. ಎಕ್ಸಾಸ್ಟ್ ಹೌಸಿಂಗ್ ಸೀಳಿದೆಯಾ ಅಂತ ಮಾತ್ರ ಮೊದಲು ನೋಡಿಸು, ಇವು ಸೀಳುವುದು ಜಾಸ್ತಿ. ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತು ಬರೀ ಪೈಪ್ ಹಾಕಿರುವುದು ಫೋಟೊದಲ್ಲಿ ಕಂಡಿತು. ಅದು ಯಾವ ರಾಜ್ಯದಲ್ಲೂ ಸರಿಯಲ್ಲ. ಗಾಳಿ ಸಲೀಸಾಗಿ ಹೋಗುವ ಒಳ್ಳೆಯ ಕನ್ವರ್ಟರ್ ಹಾಕಿಸು, ಪಕ್ಕದ ಮನೆಯವರಿಗೂ ನೆಮ್ಮದಿ.

ಇಷ್ಟರಲ್ಲಿ ಏನನ್ನೂ ಆರ್ಡರ್ ಮಾಡಬೇಡ. ಆರು ಅಂಕಿಗಳನ್ನೂ, ಟೆಸ್ಟ್ ಮಾಡಿದಾಗಿನ ಆರ್‌ಪಿಎಂನ್ನೂ, ಟರ್ಬೈನ್ ಅಂಚಿನ ಫೋಟೊವನ್ನೂ ನನಗೆ ಕಳಿಸು. ಅಲ್ಲಿಯವರೆಗೆ ಬೂಸ್ಟ್ ಏರುವಷ್ಟು ಆಕ್ಸಿಲರೇಟರ್ ತುಳಿಯಬೇಡ, ಆಫೀಸಿಗೆ ಇನ್ನೊಂದು ಕಾರಿನಲ್ಲಿ ಹೋಗು. ದೊಡ್ಡಮ್ಮ ಕಳಿಸಿದ ಚಟ್ನಿಪುಡಿ ತಲುಪಿತಾ ಅಂತಲೂ ಬರಿ, ಕೇಳುತ್ತಿದ್ದಾಳೆ.

ಇತಿ,
ನಿನ್ನ ದೊಡ್ಡಪ್ಪ