ಎರಡನೇ ಸಲ ಬೇಡ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ನಾನು ಬೆಂಗಳೂರಿನಲ್ಲಿ ಆಪರೇಷನ್ ಥಿಯೇಟರ್ ನರ್ಸ್. ಡಾಕ್ಟರು ಕೈ ಚಾಚಿದಾಗ ಬೇಕಾದ ಉಪಕರಣ ಕೊಡುವುದು, ವಾಪಸ್ ಬಂದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಡುವುದು ನನ್ನ ಕೆಲಸ.

ಈ ಪತ್ರ ವೆಸೆಲ್ ಸೀಲರ್ ಬಗ್ಗೆ. ರಕ್ತನಾಳವನ್ನು ದಾರದಲ್ಲಿ ಕಟ್ಟುವ ಬದಲು, ಒಂದು ಯಂತ್ರಕ್ಕೆ ಜೋಡಿಸಿ ಕರೆಂಟಿನಿಂದ ಬೆಸೆಯುವ ಇಕ್ಕಳ ಅದು. 7 ಮಿಲಿಮೀಟರ್ ನಾಳವನ್ನೂ ಬೆಸೆಯುವ ಮಾಡೆಲ್‌ಗಳಿವೆ. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬೇಡ ಅಂತ ಅಮ್ಮಂದಿರು ಬೈಯುತ್ತಾರೆ ಅಲ್ವಾ? ಈ ಯಂತ್ರ ನಡೆಯುವುದೂ ಅದೇ ಲೆಕ್ಕದಲ್ಲಿ. ನಾಳ ಹಸಿಯಾಗಿರುವಾಗ ಕರೆಂಟ್ ಸಲೀಸಾಗಿ ಹರಿಯುತ್ತದೆ. ಬಿಸಿಗೆ ನೀರಿನಂಶ ಆರಿದ ಹಾಗೆ ತಡೆ ಜಾಸ್ತಿಯಾಗುತ್ತದೆ. ಯಂತ್ರ ಆ ತಡೆಯನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆಯುತ್ತಾ ಕರೆಂಟನ್ನು ಹದ ಮಾಡುತ್ತದೆ. ನಾಳದ ಗೋಡೆಯಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನ್ ಬೆಸೆದುಕೊಂಡಾಗ ತಾನೇ ನಿಂತು ಬೀಪ್ ಅನ್ನುತ್ತದೆ. ಅದನ್ನು ಕೇಳಿದ ಮೇಲೆಯೇ ಡಾಕ್ಟರು ಕತ್ತರಿಸುವುದು.

ಇಕ್ಕಳದ ಬಾಯಿಗೆ ಕರಕಲು ಅಂಟಿದ್ದರೆ ಅದೂ ಕರೆಂಟನ್ನು ತಡೆಯುತ್ತದೆ. ಆಗ ಯಂತ್ರದ ಲೆಕ್ಕವೇ ತಪ್ಪಬಹುದು.

ಇಂಥ ಹೆಚ್ಚಿನ ಇಕ್ಕಳಗಳು ಒಬ್ಬ ರೋಗಿಗೆ ಮಾತ್ರ ಅಂತ ಮಾಡಿದವು. ಪ್ಯಾಕೆಟ್ ಮೇಲೆ ವೃತ್ತದೊಳಗೆ 2 ಬರೆದು ಗೆರೆ ಎಳೆದಿರುತ್ತಾರೆ. ಎರಡನೇ ಸಲ ಬೇಡ ಅಂತ ಅರ್ಥ. ನಾನು ಹಿಂದೆ ಇದ್ದ ಒಂದು ಕಡೆ ಅವನ್ನೇ ತೊಳೆದು, ಇಟಿಓ ಎಂಬ ಕ್ರಿಮಿ ಕೊಲ್ಲುವ ಗ್ಯಾಸಿನಲ್ಲಿ ಸ್ಟೆರೈಲ್ ಮಾಡಿ, ಮತ್ತೆ ಮತ್ತೆ ಬಳಸುತ್ತಿದ್ದೆವು. ನಾನೂ ತೊಳೆದಿದ್ದೇನೆ. ಕೀಲಿನ ಸಂದಿಗೆ ಸಣ್ಣ ಬ್ರಷ್ ಕೂಡ ಹೋಗುವುದಿಲ್ಲ. ತಳ ಹಿಡಿದ ಪಾತ್ರೆಯ ಹಾಗೆ ಕಂದು ಕರೆ ಉಳಿದೇ ಉಳಿಯುತ್ತಿತ್ತು.

ಒಂದು ದಿನ ಗರ್ಭಕೋಶದ ಆಪರೇಷನ್. ಬೀಪ್ ಬಂತು, ಡಾಕ್ಟರು ಕತ್ತರಿಸಿದರು, ರಕ್ತ ಚಿಮ್ಮಿತು. ಅವರು ತಕ್ಷಣ ಕ್ಲಾಂಪ್ ಹಾಕಿ ದಾರದಲ್ಲಿ ಕಟ್ಟಿದರು. ಆ ಅಮ್ಮ ಹುಷಾರಾಗಿ ಮನೆಗೆ ಹೋದರು. ಕಾರಣ ಇಕ್ಕಳಕ್ಕೆ ಅಂಟಿದ ಕರಕಲೇ ಅಂತ ನಾನು ಆಣೆ ಮಾಡಿ ಹೇಳಲಾರೆ. ಆದರೆ ಅವತ್ತಿನಿಂದ ಹಳೇ ಇಕ್ಕಳ ಕೈಗೆ ಕೊಡುವಾಗೆಲ್ಲ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು.

ಆಸ್ಪತ್ರೆಯವರ ಕಷ್ಟವೂ ಗೊತ್ತು. ಒಂದೊಂದಕ್ಕೂ ಸಾವಿರಾರು ರೂಪಾಯಿ. ರೋಗಿಗೆ ಹೊರೆಯಾಗದಿರಲಿ ಅಂತಲೇ ಮರುಬಳಕೆ ಮಾಡುವವರೂ ಇದ್ದಾರೆ. ಹಾಗಿದ್ದರೆ ದಾರದಲ್ಲೇ ಕಟ್ಟಲಿ, ಅದು ಕೈಗೆ ಪಳಗಿದ ಕೆಲಸ. ನಾನು ಕಂಡಂತೆ, ಇದು ಎಷ್ಟನೇ ಸಲದ್ದು ಅಂತ ಟೇಬಲ್ ಮೇಲೆ ಮಲಗಿದವರಿಗೆ ಯಾರೂ ಹೇಳುವುದಿಲ್ಲ. ನನಗೆ ಜಾಸ್ತಿ ನೋವಾಗುವುದು ಅದಕ್ಕೇ.

ಕಣ್ಣಿನ ಪೊರೆ ಆಪರೇಷನ್ ಆದರೆ ಲೆನ್ಸಿನ ಸ್ಟಿಕ್ಕರನ್ನು ಕೇಸ್ ಶೀಟಿಗೆ ಅಂಟಿಸುತ್ತೇವೆ. ಸೀಲರ್ ಪ್ಯಾಕೆಟ್ಟಿನ ಸ್ಟಿಕ್ಕರನ್ನೂ ಹಾಗೇ ಅಂಟಿಸಬೇಕು ಅಂತ ಒಂದು ಸುತ್ತೋಲೆ ಹೊರಡಿಸಿ. ಖಾಸಗಿ ಆಸ್ಪತ್ರೆಗಳ ಕೆಪಿಎಂಇ ಕಾಯ್ದೆಯಡಿ ತಪಾಸಣೆಗೆ ಹೋದವರು ನಾಲ್ಕು ಕೇಸ್ ಶೀಟ್ ತೆಗೆಸಿ ನೋಡಿದರೆ ಸಾಕು, ಗೊತ್ತಾಗುತ್ತದೆ.

ಸರ್ಕಾರಿ ಆಸ್ಪತ್ರೆಗಳ ಮಾತೂ ಇದೆ. ಕೋಲಾರ, ತುಮಕೂರಿನ ಕಡೆಯಿಂದ ಬೆಳಗಿನ ಬಸ್ಸು ಹತ್ತಿ ಇಲ್ಲಿಗೆ ಬರುವವರಿಗೆ ಬೇರೆ ದಾರಿ ಇರುವುದಿಲ್ಲ. ಇಂಥ ಯಂತ್ರದ ಖರೀದಿ ಫೈಲು ನಿಮ್ಮ ಮೇಜಿಗೆ ಬಂದಾಗ, ವರ್ಷಕ್ಕೆ ಎಷ್ಟು ಇಕ್ಕಳ ಬೇಕು, ಯಂತ್ರದ ಅಳತೆಯನ್ನು ಯಾರು ಪರೀಕ್ಷೆ ಮಾಡುತ್ತಾರೆ ಅಂತ ಬರೆದಿದೆಯಾ ನೋಡಿ. ಬರೆದಿಲ್ಲದಿದ್ದರೆ ದಯವಿಟ್ಟು ಸಹಿ ಹಾಕಬೇಡಿ, ವಾಪಸ್ ಕಳಿಸಿ.

ಇಂತಿ,
ಬೆಂಗಳೂರಿನ ಒಬ್ಬ ಓಟಿ ನರ್ಸ್