ಬ್ಲೈಟನ್ ಕೊಳ್ಳುವ ಮುನ್ನ ಹಾಳೆ ತಿರುವಿ

ಮಾನ್ಯರೇ,

ಬೇಸಿಗೆ ರಜೆಗೆಂದು ಹಳೇ ಪುಸ್ತಕದಂಗಡಿಯಲ್ಲಿ ಇಂಗ್ಲಿಷ್ ಮಕ್ಕಳ ಕಥೆಗಾರ್ತಿ ಎನಿಡ್ ಬ್ಲೈಟನ್ ಪುಸ್ತಕ ಹುಡುಕುವವರಲ್ಲಿ ಚಿಕ್ಕಂದಿನಲ್ಲಿ ಅವನ್ನೇ ಓದಿದ ಅಪ್ಪ-ಅಮ್ಮಂದಿರೂ ಇರುತ್ತಾರೆ. ಮನೆಗೆ ತಂದು ಮಗುವಿನ ಜೊತೆ ಓದಲು ಕೂತಾಗ ಎರಡು ಬಗೆಯ ಗಲಿಬಿಲಿ. ‘ಇದು ನಾನು ಓದಿದ ಪುಸ್ತಕ ಅಲ್ಲವಲ್ಲ’ ಎಂಬುದೊಂದು, ‘ಇಂಥದ್ದನ್ನು ಓದಿ ಖುಷಿಪಟ್ಟಿದ್ದೆನೇ’ ಎಂಬುದಿನ್ನೊಂದು. ಮೊದಲನೆಯದಕ್ಕೆ ಮರುಮುದ್ರಣದಲ್ಲಿ ಪಠ್ಯ ತಿದ್ದಿದ ಪ್ರಕಾಶಕರು ಕಾರಣ, ಎರಡನೆಯದಕ್ಕೆ ಲೇಖಕಿಯೇ.

ಒಳಪುಟದಲ್ಲಿ ‘ಮೊದಲ ಮುದ್ರಣ 1939’ ಎಂದಿದ್ದರೆ ಮೂಲ ಪಠ್ಯವೇ ಇದೆ ಎಂದು ನಂಬಬೇಡಿ. ಅದು ಕೃತಿ ಹುಟ್ಟಿದ ವರ್ಷ ಅಷ್ಟೆ. ಮರುಮುದ್ರಣದ ವರ್ಷ ನೋಡಿ. ‘ಫಾರವೇ ಟ್ರೀ’ ಎಂಬ ಮಾಂತ್ರಿಕ ಮರದ ಕಥೆಮಾಲೆಯಲ್ಲಾದರೆ ಪಾತ್ರಗಳ ಹೆಸರುಗಳೇ ಸುಳಿವು ಕೊಡುತ್ತವೆ. ಬೆಸ್ಸಿ, ಫ್ಯಾನಿ, ಡಿಕ್ ಇದ್ದರೆ ಹಳೆಯದು. ಬೆತ್, ಫ್ರ್ಯಾನಿ, ರಿಕ್ ಇದ್ದರೆ ತಿದ್ದಿದ್ದು. ಮಕ್ಕಳಿಗೆ ಬಾರಿಸುತ್ತಿದ್ದ ಡೇಮ್ ಸ್ಲ್ಯಾಪ್ ಈಗ ಬರೀ ಗದರುವ ಡೇಮ್ ಸ್ನ್ಯಾಪ್.

‘ನಾಡಿ’ (Noddy) ಎಂಬ ಮರದ ಗೊಂಬೆಯ ಕಥೆಗಳ 1951ರ ಪುಸ್ತಕವೊಂದರಲ್ಲಿ ರಾತ್ರಿ ಕಾಡಿನೊಳಗೆ ನಾಡಿಯ ಕಾರು, ಬಟ್ಟೆ ಕಿತ್ತುಕೊಳ್ಳುವವರು ಗಾಲಿವಾಗ್‌ಗಳು, ಅಂದರೆ ಕಪ್ಪು ಜನರನ್ನು ಅಣಕಿಸುವ ಗೊಂಬೆಗಳು. ಈಚಿನ ಮುದ್ರಣಗಳಲ್ಲಿ ಆ ಜಾಗಕ್ಕೆ ಕುಳ್ಳ ತುಂಟ ಭೂತಗಳಾದ ಗಾಬ್ಲಿನ್‌ಗಳು ಬಂದಿವೆ. ‘ದಿ ಲಿಟಲ್ ಬ್ಲ್ಯಾಕ್ ಡಾಲ್’ ಕಥೆಗೆ ಮಾತ್ರ ಇಂಥ ಯಾವ ತೇಪೆಯೂ ಸಾಲದು. ಕಪ್ಪು ಮುಖದ ಗೊಂಬೆ ಸ್ಯಾಂಬೊವನ್ನು ಒಡತಿಯೇ ದೂರ ಮಾಡುತ್ತಾಳೆ; ಮಳೆಯಲ್ಲಿ ಬಣ್ಣ ತೊಳೆದುಹೋಗಿ ಮುಖ ಗುಲಾಬಿಯಾದ ಮೇಲೆ ಎಲ್ಲರಿಗೂ ಮುದ್ದು. ಹುಟ್ಟಿದ ಕೂಸಿಗೆ ಕಡ್ಲೆಹಿಟ್ಟು ತಿಕ್ಕಿ ಬಣ್ಣ ತಿದ್ದಲು ಹೊರಡುವ ನಮ್ಮ ಮನೆಗಳಲ್ಲಿ ಈ ಕಥೆ ಬೇರೆ ವಿವರಣೆಯಿಲ್ಲದೆ ನಾಟುತ್ತದೆ. ಇದನ್ನು ಚಿಕ್ಕ ಮಕ್ಕಳ ಕೈಗೆ ಕೊಡದಿರುವುದೇ ಮೇಲು.

ನಾಲ್ವರು ಮಕ್ಕಳು, ಒಂದು ನಾಯಿಯ ಸಾಹಸಗಳ ‘ಫೇಮಸ್ ಫೈವ್’ ಮಾಲೆಯ ಭಾಷೆಯನ್ನು 2010ರಲ್ಲಿ ಪ್ರಕಾಶಕರು ಹೊಸದು ಮಾಡಿದರು. ‘ಮರ್ಸಿ ಮಿ’ ಎಂಬ ಹಳೇ ಉದ್ಗಾರ ಹೋಗಿ ‘ಓ ನೋ’ ಬಂತು. ಓದುಗರಿಗೆ ಹಿಡಿಸಲಿಲ್ಲ, 2016ರಲ್ಲಿ ಕೈಬಿಟ್ಟರು. ಹಿಡಿಸದಿದ್ದದ್ದು ಸರಿಯೇ. ಆಡುಮಾತು ಹಳತಾಗಿದ್ದು ಯಾರಿಗೂ ತೊಂದರೆ ಮಾಡಿರಲಿಲ್ಲ. ಕಿರಿಯ ಹುಡುಗಿ ಆನ್ ಪಾತ್ರೆ ತೊಳೆಯುವುದು, ಹಿರಿಯ ಹುಡುಗ ಜೂಲಿಯನ್ ಯಜಮಾನಿಕೆ ನಡೆಸುವುದು, ಅಲೆಮಾರಿ ಕಂಡೊಡನೆ ಅನುಮಾನ ಹುಟ್ಟುವುದು ಕಥೆಯ ಹೆಣಿಗೆಯಲ್ಲೇ ಇವೆ. ಪದ ಬದಲಿಸಿದರೆ ಹೋಗುವಂಥವಲ್ಲ.

ಓದಿ ಹೇಳುವವರು ಅಧ್ಯಾಯವನ್ನು ಹಿಂದಿನ ದಿನವೇ ಒಮ್ಮೆ ನೋಡಿಟ್ಟುಕೊಳ್ಳಿ. ಓದುತ್ತಲೇ ಸಾಲು ಹಾರಿಸಿದರೆ ಪಕ್ಕದಲ್ಲಿ ಅಕ್ಷರ ಹಿಂಬಾಲಿಸುತ್ತಿರುವ ಮಗು ಹಿಡಿದೇ ಹಿಡಿಯುತ್ತದೆ; ಹಾರಿಸಿದ ಸಾಲನ್ನೇ ಆಮೇಲೆ ಹುಡುಕಿ ಓದುತ್ತದೆ. ಐದಾರು ವರ್ಷದವರಿಗೆ ತಿದ್ದಿದ ನಾಡಿ ಸಾಕು. ಎಂಟು-ಒಂಬತ್ತು ದಾಟಿದವರಿಗೆ ಹಳೆಯ ‘ಫೈವ್’ ಕೊಟ್ಟು, ಪಾತ್ರೆ ಯಾಕೆ ಯಾವಾಗಲೂ ಆನ್ ತೊಳೆಯಬೇಕು ಎಂದು ಕೇಳಿ. ಅದೇ ಮಾಲೆಯಲ್ಲಿ ‘ಹುಡುಗಿ’ ಎನ್ನಿಸಿಕೊಳ್ಳಲು ಒಪ್ಪದ ಜಾರ್ಜ್ ಕೂಡ ಇದ್ದಾಳೆ. ಮಕ್ಕಳು ಅವಳನ್ನು ಎಳೆದು ತಂದೇ ವಾದಕ್ಕಿಳಿಯುತ್ತಾರೆ.

– ಗ್ರಂಥಪಾಲಕರು, ಮೈಸೂರು