ಬೆಂಚ್ ಕಾದವರೂ ಕೋಚ್ ಆಗಬಲ್ಲರು

ಸಂಪಾದಕರೇ,

ದೊಡ್ಡ ಆಟಗಾರರಾಗಿದ್ದವರೇ ಒಳ್ಳೆಯ ಕೋಚ್ ಆಗುತ್ತಾರೆ ಎಂಬ ಧಾಟಿಯ ಬರಹ ನಿಮ್ಮ ಕ್ರೀಡಾಪುಟದಲ್ಲಿ ಬಂದಿತ್ತು. ನನಗೆ ಒಪ್ಪಿಗೆಯಿಲ್ಲ. ಅಮೆರಿಕನ್ ಫುಟ್‌ಬಾಲ್‌ನ ಕೋಚ್ ಡಗ್ ಪೀಡರ್ಸನ್ ಅವರನ್ನೇ ನೋಡಿ. ಆಟಗಾರನಾಗಿ ಅವರು ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ತಂಡದ ದಾಳಿ ನಡೆಸುವವರು.

ಅಲ್ಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ 1991ರ ಡ್ರಾಫ್ಟ್‌ನಲ್ಲಿ ಅವರನ್ನು ಯಾರೂ ಆರಿಸಲಿಲ್ಲ. ಮಯಾಮಿ ಡಾಲ್ಫಿನ್ಸ್ ಸೇರಿದರೆ ಅಲ್ಲಿ ಆಗಲೇ ಸ್ಟಾರ್ ಕ್ವಾರ್ಟರ್‌ಬ್ಯಾಕ್ ಡ್ಯಾನ್ ಮರೀನೊ. ಗ್ರೀನ್ ಬೇ ಪ್ಯಾಕರ್ಸ್‌ಗೆ ಹೋದರೆ ಅಲ್ಲಿ ಇನ್ನೊಬ್ಬ ಸ್ಟಾರ್ ಬ್ರೆಟ್ ಫಾರ್ವ್. ಮೈದಾನದಲ್ಲಿ ಆಡುವ ಕ್ವಾರ್ಟರ್‌ಬ್ಯಾಕ್ ಒಬ್ಬನೇ ಅಲ್ವಾ? ಇವರಿಗೆ ಬೆಂಚೇ ಗತಿಯಾಯಿತು. 1999ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ಅವಕಾಶ ಕೊಟ್ಟಿತು. 9 ಪಂದ್ಯಗಳಲ್ಲಿ ಗೆದ್ದಿದ್ದು 2. ಆ ಜಾಗ ಹೊಸ ಹುಡುಗ ಡೊನೊವನ್ ಮ್ಯಾಕ್‌ನ್ಯಾಬ್ ಪಾಲಾಯಿತು.

ಆಟ ಬಿಟ್ಟ ಮೇಲೆ ಅವರು ಲೂಸಿಯಾನಾದ ಶ್ರೀವ್‌ಪೋರ್ಟ್‌ನಲ್ಲಿ ನಾಲ್ಕು ವರ್ಷ ಹೈಸ್ಕೂಲ್ ಹುಡುಗರಿಗೆ ಕೋಚ್ ಆಗಿದ್ದರು. ಆಮೇಲೆ ಹಳೆಯ ಕೋಚ್ ಆ್ಯಂಡಿ ರೀಡ್ ಕೈಕೆಳಗೆ ತೀರಾ ಕೆಳಗಿನ ಸಹಾಯಕ ಹುದ್ದೆಯಿಂದ ಮತ್ತೆ ಶುರು ಮಾಡಿದರು. 2016ರಲ್ಲಿ ಈಗಲ್ಸ್‌ಗೆ ಮುಖ್ಯ ಕೋಚ್ ಆದರು.

ಮರುವರ್ಷ ತಂಡ ಭರ್ಜರಿಯಾಗಿ ಗೆಲ್ಲುತ್ತಿದ್ದಾಗ, ಡಿಸೆಂಬರ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಕಾರ್ಸನ್ ವೆಂಟ್ಜ್ ಮೊಣಕಾಲು ಪೆಟ್ಟಾಗಿ ಹೊರಬಿದ್ದರು. ಬೆಂಚಿನಲ್ಲಿದ್ದ ನಿಕ್ ಫೋಲ್ಸ್ ಒಳಗೆ ಬಂದರು. ಅವರ ಕಷ್ಟ ಪೀಡರ್ಸನ್‌ಗಿಂತ ಜಾಸ್ತಿ ಯಾರಿಗೆ ಗೊತ್ತಿರುತ್ತದೆ!

2018ರ ಫೆಬ್ರುವರಿ 4, ಮಿನಿಯಾಪೊಲಿಸ್. ಎನ್‌ಎಫ್‌ಎಲ್‌ನ ಫೈನಲ್ ಆದ ಸೂಪರ್ ಬೌಲ್‌ನಲ್ಲಿ ಎದುರಿಗೆ ಖ್ಯಾತ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿಯ ಪೇಟ್ರಿಯಟ್ಸ್ ತಂಡ. ಮೊದಲರ್ಧ ಮುಗಿಯುವ ಹೊತ್ತಿಗೆ ಈಗಲ್ಸ್ 15–12ರಿಂದ ಮುಂದಿತ್ತು. ಗೋಲ್ ಗೆರೆಗೆ ಒಂದೇ ಗಜ, ಉಳಿದಿದ್ದು ನಾಲ್ಕನೇ, ಅಂದರೆ ಕೊನೆಯ ಯತ್ನ. ಚೆಂಡನ್ನು ಒದ್ದು ಸುಲಭವಾಗಿ 3 ಅಂಕ ತೆಗೆದುಕೊಳ್ಳಬಹುದಿತ್ತು. ಫೋಲ್ಸ್ ಅವರೇ ಪೀಡರ್ಸನ್ ಬಳಿಗೆ ಬಂದು ಒಂದು ತಂತ್ರದ ಆಟ ಆಡೋಣವಾ ಎಂದು ಕೇಳಿದರು. ಪೀಡರ್ಸನ್ ಒಂದು ಕ್ಷಣ ಯೋಚಿಸಿ ಹೂಂ ಅಂದರು. ಚೆಂಡು ಎಸೆಯಬೇಕಾದ ಫೋಲ್ಸ್ ಸುಮ್ನೆ ಪಕ್ಕಕ್ಕೆ ಸರಿದರು. ಅವರ ಬದಲು ತಂಡದ ಟ್ರೇ ಬರ್ಟನ್ ಎಸೆದರು, ಫೋಲ್ಸ್ ಗೋಲ್ ಗೆರೆಯಾಚೆ ಹಿಡಿದರು. ಟಚ್‌ಡೌನ್, ಅಂದರೆ 6 ಅಂಕ! ಕೊನೆಗೆ ಈಗಲ್ಸ್ 41–33ರಿಂದ ಗೆದ್ದಿತು. ಅದು ಅವರ ಮೊದಲ ಸೂಪರ್ ಬೌಲ್ ಗೆಲುವು. ಅಷ್ಟು ದೊಡ್ಡ ಪಂದ್ಯದಲ್ಲಿ ಬದಲಿ ಆಟಗಾರನ ಮಾತಿಗೆ ಕಿವಿಗೊಟ್ಟಿದ್ದೇ ನನಗೆ ಗೆಲುವಿಗಿಂತ ದೊಡ್ಡದಾಗಿ ಕಾಣುತ್ತದೆ.

ಅಂದಹಾಗೆ ಅವತ್ತು ಸೋತ ಕೋಚ್ ಬಿಲ್ ಬೆಲಿಚಿಕ್ ಎನ್‌ಎಫ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡಿದವರಲ್ಲ.

ಮುಂದೆ ಪೀಡರ್ಸನ್ ಅವರನ್ನು ಈಗಲ್ಸ್ ತೆಗೆದುಹಾಕಿತು, 2025ರಲ್ಲಿ ಜಾಕ್ಸನ್‌ವಿಲ್ ಜಾಗ್ವಾರ್ಸ್ ಕೂಡ ತೆಗೆಯಿತು. ಆ ಕೆಲಸವೇ ಹಾಗೆ. ಆದರೆ ಯಾವುದೇ ಕೋಚ್ ನೇಮಕದ ಸುದ್ದಿ ಬರೆಯುವಾಗ, ಅವರ ಆಟದ ಅಂಕಿಅಂಶದ ಜೊತೆಗೆ ಯಾರ ಬಳಿ ಏನು ಕಲಿತರು ಎನ್ನುವುದಕ್ಕೂ ನಾಲ್ಕು ಸಾಲು ಜಾಗ ಕೊಡಿ.

ಇತಿ,
ನಿಮ್ಮ ಓದುಗ, ದಾವಣಗೆರೆ